ಹಡಗು ಹತ್ತುವ ದಿನ ಘಟ್ಟದ ಮೇಲಿರಬೇಡಿ

ಕೊಡಗಿನ ಗಡಿಯೊಳಗೆ ರೈಲು ಹಳಿ ಎಂಬುದೇ ಇಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ರೈಲು ಬರುತ್ತದಂತೆ ಎಂಬ ಮಾತು ಕೇಳುತ್ತ ಕೇಳುತ್ತಲೇ ಒಂದು ತಲೆಮಾರು ನಿವೃತ್ತಿಯಾಯಿತು. ವಿಮಾನ ಬೇಕಾದರೆ ಕಣ್ಣೂರು, ಮಂಗಳೂರು, ಮೈಸೂರು ಇಲ್ಲವೇ ಬೆಂಗಳೂರಿಗೆ ಹೋಗಬೇಕು. ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಕುಳಿತು ಹಡಗಿನ ಟಿಕೆಟ್ ಕೊಳ್ಳುವುದು ಹಿಂದೆಲ್ಲ ಸೈನ್ಯ, ನೌಕಾಪಡೆಯಲ್ಲಿ ಇದ್ದು ಬಂದವರ ಮಾತಾಗಿತ್ತು. ಈಗ ಹಾಗಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಮುಂಬೈಯಿಂದ ಓಡಾಟ ಶುರು ಮಾಡಿದ ಮೇಲೆ ಗೋವಾ, ಲಕ್ಷದ್ವೀಪದ ಕ್ರೂಸ್ ಪ್ರವಾಸ ಮಧ್ಯಮ ವರ್ಗದ ಕೈಗೆಟುಕುವ ಸಂಗತಿಯಾಗಿದೆ. ಅಮೆರಿಕದಲ್ಲಿರುವ ಮಗನೋ ಮಗಳೋ ಬೇಸಿಗೆಯಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಂಡು ಅಲಾಸ್ಕಾ ತೋರಿಸುವ ರೂಢಿ ಗೋಣಿಕೊಪ್ಪ, ವಿರಾಜಪೇಟೆಯ ಮನೆಗಳಿಗೂ ಬಂದಿದೆ. ಹೀಗೆ ಹೊರಡುವವರ ಮನೆಯಲ್ಲಿ ಟಿಕೆಟ್ ಕೈಗೆ ಬಂದ ದಿನದಿಂದ ಎರಡು ಪ್ರಶ್ನೆ ತಿರುಗುತ್ತಿರುತ್ತವೆ. ಮನೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕು? ಮಧ್ಯಾಹ್ನದ ಊಟ ಎಲ್ಲಿ? ಎರಡೂ ಸಣ್ಣ ಪ್ರಶ್ನೆಗಳಂತೆ ಕಂಡರೂ ಪ್ರವಾಸ ಕೈಗೂಡುವುದು, ಕೆಡುವುದು ಅವುಗಳ ಮೇಲೆಯೇ ನಿಂತಿದೆ. ಬೇರೆ ಊರಿನವರಿಗೆ ಬರೆದ ಸಲಹೆ ಕೊಡಗಿನವರಿಗೆ ಪೂರ್ತಿ ಒಗ್ಗುವುದೂ ಇಲ್ಲ.

ನನ್ನ ವಾದ ಇಷ್ಟು: ಹಡಗು ಹತ್ತುವ ದಿನ ಬೆಳಗಾಗುವಾಗ ಕೊಡಗಿನ ಪ್ರಯಾಣಿಕ ಕೊಡಗಿನಲ್ಲಿ ಇರಬಾರದು. ಬಂದರಿರುವ ಊರಿನಲ್ಲೇ ಎದ್ದು, ಅಲ್ಲೇ ತಿಂಡಿ ತಿಂದು, ತನಗೆ ಕೊಟ್ಟ ಹೊತ್ತಿಗೆ ಸರಿಯಾಗಿ ಟರ್ಮಿನಲ್‌ಗೆ ಹೋಗಬೇಕು. ಒಳ್ಳೆಯ ಊಟಕ್ಕೆ ಸರಿಯಾದ ಸಮಯ ಹಿಂದಿನ ರಾತ್ರಿಯದೇ ಹೊರತು ಹತ್ತುವ ದಿನದ ಮಧ್ಯಾಹ್ನದ್ದಲ್ಲ. ಇದನ್ನು ಒಪ್ಪದವರು ಬಹಳ. ಅವರ ಮಾತಿನಲ್ಲೂ ಹುರುಳಿದೆ, ಅದಕ್ಕೆ ಆಮೇಲೆ ಬರೋಣ.

ಮೊದಲು ಬಾಗಿಲು ಯಾವಾಗ ಮುಚ್ಚುತ್ತದೆ ಎಂಬುದು ತಿಳಿದಿರಬೇಕು. ಟಿಕೆಟಿನಲ್ಲಿ ಸಂಜೆ 5 ಗಂಟೆಗೆ ಹಡಗು ಹೊರಡುತ್ತದೆ ಎಂದಿದ್ದರೆ ನಮ್ಮ ತಲೆಯಲ್ಲಿ ಉಳಿಯುವುದು ಆ 5 ಗಂಟೆ ಮಾತ್ರ. ಬಸ್ಸು ಹತ್ತಿ ಬೆಳೆದ ನಮಗೆ ಹೊರಡುವ ಹೊತ್ತೇ ಕೊನೆಯ ಹೊತ್ತು. ಹಡಗಿನಲ್ಲಿ ಹಾಗಲ್ಲ. ಹೊರಡುವ ಹೊತ್ತಿಗೆ 60ರಿಂದ 90 ನಿಮಿಷ ಮೊದಲೇ ಪ್ರಯಾಣಿಕರನ್ನು ಒಳಗೆ ಬಿಡುವುದು ನಿಲ್ಲುತ್ತದೆ. ಎರಡು ಗಂಟೆ ಮೊದಲೇ ಎಲ್ಲರೂ ಒಳಗಿರಬೇಕೆನ್ನುವ ಕಂಪನಿಗಳೂ ಇವೆ. ಇದು ಕಂಪನಿಯವರ ಮೊಂಡುತನವಲ್ಲ. ಹಡಗಿನಲ್ಲಿ ಯಾರು ಯಾರಿದ್ದಾರೆ ಎಂಬ ಪಟ್ಟಿ ಹೊರಡುವ ಮೊದಲೇ ಸರ್ಕಾರದ ಕೈ ಸೇರಬೇಕು. ಅಮೆರಿಕದ ಬಂದರುಗಳಲ್ಲಿ ಆ ಪಟ್ಟಿ ಹಡಗು ಹೊರಡುವುದಕ್ಕೆ 60 ನಿಮಿಷ ಮೊದಲು ಗಡಿ ಇಲಾಖೆಗೆ ಹೋಗಲೇಬೇಕು ಎಂಬ ನಿಯಮವಿದೆ. ಪಟ್ಟಿ ಹೋದ ಮೇಲೆ ಬಂದವನನ್ನು ಹತ್ತಿಸಿಕೊಳ್ಳುವ ಅಧಿಕಾರ ಕೌಂಟರಿನಲ್ಲಿ ಕುಳಿತ ಹುಡುಗಿಗೆ ಇರುವುದಿಲ್ಲ. ಹಡಗು ಕಣ್ಣೆದುರೇ ನಿಂತಿದ್ದರೂ ಅಷ್ಟೇ. ಅದಕ್ಕೂ ಹಿಂದೆ ಭದ್ರತಾ ತಪಾಸಣೆ, ದಾಖಲೆ ಪರಿಶೀಲನೆ, ಹೊರದೇಶಕ್ಕೆ ಹೋಗುವ ಹಡಗಾದರೆ ಇಮಿಗ್ರೇಷನ್ ಸಾಲು ಇರುತ್ತವೆ. ಇವನ್ನೆಲ್ಲ ಕೂಡಿಸಿ ನೋಡಿದರೆ 5 ಗಂಟೆಯ ಹಡಗಿಗೆ ನಿಜವಾದ ಕೊನೆಯ ಹೊತ್ತು ಮಧ್ಯಾಹ್ನ 3 ಗಂಟೆಯ ಆಚೀಚೆ ಬಂದು ನಿಲ್ಲುತ್ತದೆ.

ಈ ಲೆಕ್ಕ ಕಾಫಿ ಬೆಳೆಗಾರರಿಗೆ ಹೊಸದಾಗಬಾರದು. ತೋಟದ ಕಾಫಿ ಹುಣಸೂರಿಗೋ ಮಂಗಳೂರಿಗೋ ಹೋಗಿ, ಕ್ಯೂರಿಂಗ್ ವರ್ಕ್ಸಿನಲ್ಲಿ ಹದವಾಗಿ, ಕಂಟೇನರ್ ಸೇರಿ ಬಂದರಿಗೆ ಇಳಿಯುವಾಗ ಅದಕ್ಕೂ ಒಂದು ಕಟ್-ಆಫ್ ಸಮಯ ಇರುತ್ತದೆ. ಹಡಗು ನಾಳೆ ಹೊರಡುವುದಿದ್ದರೂ ಗೇಟು ಇವತ್ತೇ ಮುಚ್ಚಿರಬಹುದು. ತಡವಾದ ಕಂಟೇನರ್ ಮುಂದಿನ ಹಡಗಿಗೆ ಕಾಯುತ್ತದೆ. ಮೂಟೆಯನ್ನು ಹೊತ್ತಿಗೆ ಮೊದಲೇ ಕಳಿಸಿ ನಿಶ್ಚಿಂತೆಯಾಗಿರುವ ಮನುಷ್ಯ ತನ್ನನ್ನು ಮಾತ್ರ ಕೊನೆಯ ಗಳಿಗೆಯಲ್ಲಿ ಕಳಿಸಿಕೊಳ್ಳುತ್ತಾನೆ. ಕಾಫಿಗಾದರೆ ಮುಂದಿನ ಹಡಗಿದೆ, ಅವನಿಗಿಲ್ಲ.

ಈಗ ರಸ್ತೆಯ ಮಾತು. ಕೊಡಗಿನಿಂದ ಕಡಲಿಗೆ ಇಳಿಯಲು ಮುಖ್ಯವಾಗಿ ಎರಡು ದಾರಿ: ಮಡಿಕೇರಿಯಿಂದ ಸಂಪಾಜೆ ಘಟ್ಟದ ಮೂಲಕ ಸುಳ್ಯ, ಪುತ್ತೂರು, ಮಂಗಳೂರು; ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟದ ಮೂಲಕ ಇರಿಟ್ಟಿ, ಕಣ್ಣೂರು. 2018ರ ಜೂನ್‌ನಲ್ಲಿ ಮಾಕುಟ್ಟದ ದಾರಿ ಕುಸಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಸಂಪಾಜೆ ದಾರಿ ಕಡಿದುಹೋಯಿತು. ಆಗ ಶಿರಾಡಿ ಘಟ್ಟವೂ ಮುಚ್ಚಿದ್ದರಿಂದ ಸುತ್ತು ಬಳಸಿ ಮಂಗಳೂರು ಸೇರುವುದೂ ಕಷ್ಟವಾಗಿತ್ತು. ಆ ನಂತರದ ಮಳೆಗಾಲಗಳಲ್ಲೂ ಸಂಪಾಜೆ ದಾರಿಯಲ್ಲಿ ರಾತ್ರಿ ಸಂಚಾರ ನಿಲ್ಲಿಸಿದ್ದುಂಟು, ಭಾರಿ ವಾಹನ ತಡೆದದ್ದುಂಟು. ಇನ್ನು ಕುಟ್ಟದ ಕಡೆಯವರಿಗೆ ನಾಗರಹೊಳೆ ಕಾಡಿನೊಳಗಿನ ದಾರಿ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಮುಂಜಾನೆ ನಾಲ್ಕಕ್ಕೆ ಎದ್ದು ಹೊರಟುಬಿಡೋಣ ಎನ್ನುವ ವೀರರಿಗೆ ಆ ಗೇಟಿನ ಮುಂದೆ ಎರಡು ಗಂಟೆ ಕಾಯುವ ಯೋಗವಿದೆ.

ಇಲ್ಲಿ ಒಂದು ಆಕ್ಷೇಪ ನ್ಯಾಯವಾಗಿಯೇ ಬರುತ್ತದೆ. ಘಟ್ಟ ಕುಸಿಯುವುದು ಜೂನ್‌ನಿಂದ ಆಗಸ್ಟ್‌ವರೆಗೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಕ್ರೂಸ್ ಹಡಗು ಓಡುವುದು ಮಳೆ ಮುಗಿದ ಮೇಲೆ, ಮತ್ತೆ ಮಳೆ ಬರುವ ತನಕ. ಹಾಗಿರುವಾಗ ಕುಸಿತದ ಕಥೆ ಹೇಳಿ ಹೆದರಿಸುವುದು ಏಕೆ? ಈ ಮಾತು ಅರ್ಧ ಸರಿ. ಆದರೆ ಕೊಡಗಿನವರು ಯಾವ ತಿಂಗಳಲ್ಲಿ ಹೊರಡುತ್ತಾರೆ ಎಂಬುದನ್ನೂ ನೋಡಬೇಕು. ನವೆಂಬರಿನಿಂದ ಫೆಬ್ರುವರಿ, ಮಾರ್ಚ್‌ವರೆಗೆ ಕಾಫಿ ಕೊಯ್ಲು, ಒಣಗಿಸುವ ಕಣದ ಕೆಲಸ. ಆಮೇಲೆ ಹೂಮಳೆಗೆ ಕಾಯುವ, ಬಾರದಿದ್ದರೆ ತುಂತುರು ನೀರಾವರಿ ಹಚ್ಚುವ ಚಿಂತೆ. ಕೈ ಬಿಡುವಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಅದೂ ಕೊಡವ ಕುಟುಂಬಗಳ ಹಾಕಿ ಹಬ್ಬದಿಂದ ಬಿಡಿಸಿಕೊಂಡು ಬರಬಲ್ಲವರಿಗೆ. ಅದೇ ಹೊತ್ತಿಗೆ ಶಾಲೆಗಳಿಗೆ ರಜೆ, ಬೆಂಗಳೂರಿನ ಅರ್ಧ ಕಾರುಗಳು ಮಡಿಕೇರಿ, ಕುಶಾಲನಗರದ ರಸ್ತೆಯಲ್ಲಿರುತ್ತವೆ. ಮೇ ತಿಂಗಳ ಗಾಳಿಮಳೆಗೆ ಒಂದು ಮರ ರಸ್ತೆಗೆ ಅಡ್ಡ ಬಿದ್ದರೆ ಗುಡ್ಡ ಕುಸಿಯಬೇಕೆಂದೇನೂ ಇಲ್ಲ, ಎರಡು ತಾಸು ಅಲ್ಲೇ ಹೋಗುತ್ತದೆ. ಘಟ್ಟದ ತಿರುವಿನಲ್ಲಿ ಒಂದು ಲಾರಿ ಮಗುಚಿದರೂ ಅಷ್ಟೇ. ಇನ್ನು ಅಲಾಸ್ಕಾ, ಮೆಡಿಟರೇನಿಯನ್ ಕಡೆಯ ಹಡಗುಗಳಿಗೆ ಮೇನಿಂದ ಸೆಪ್ಟೆಂಬರ್‌ವರೆಗೇ ಸುಗ್ಗಿ. ನಮ್ಮ ಮಳೆಗಾಲವೂ ಅದೇ. ಮಕ್ಕಳ ಕರೆಗೆ ಓಗೊಟ್ಟು ಹೊರಡುವ ಹಿರಿಯರು ಘಟ್ಟ ಅತ್ಯಂತ ಕೆಟ್ಟಿರುವ ದಿನಗಳಲ್ಲೇ ಹೊರಡುತ್ತಾರೆ.

ಕೊಡಗಿನ ರಸ್ತೆಯ ಬಗ್ಗೆ ಹಡಗಿನವರೇ ಕೊಟ್ಟಿರುವ ಒಂದು ತೀರ್ಪೂ ಇದೆ, ಅದನ್ನು ನಾವು ಗಮನಿಸಿಲ್ಲ. ಪಣಂಬೂರಿನ ನವ ಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಬೆಳಗ್ಗೆ ಬಂದು ಸಾಮಾನ್ಯವಾಗಿ ಸಂಜೆಗೆ ಹೊರಡುವ ಈ ಹಡಗುಗಳ ಪ್ರವಾಸಿಗರನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕದ್ರಿ ದೇವಸ್ಥಾನ, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್, ಗೋಡಂಬಿ ಕಾರ್ಖಾನೆಗಳಿಗೆ ಕರೆದೊಯ್ಯುವುದು ವಾಡಿಕೆ. ಭಾರತದ ಕಾಫಿಯಲ್ಲಿ ದೊಡ್ಡ ಪಾಲು ಬೆಳೆಯುವ ಕೊಡಗು ಅಲ್ಲಿಂದ ಸುಮಾರು 140 ಕಿಲೋಮೀಟರ್ ದೂರದಲ್ಲೇ ಇದ್ದರೂ ಆ ಒಂದು ದಿನದ ಪಟ್ಟಿಗೆ ಅದು ಒಗ್ಗುವುದಿಲ್ಲ. ಹತ್ತಲು ನಾಲ್ಕು ಗಂಟೆ, ಇಳಿಯಲು ನಾಲ್ಕು ಗಂಟೆ ಹಿಡಿದರೆ ನೋಡಲು ಹೊತ್ತೇ ಉಳಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನೂರಾರು ಪ್ರಯಾಣಿಕರನ್ನು ಸಂಜೆಯೊಳಗೆ ಹಡಗಿಗೆ ಮರಳಿಸಬೇಕಾದವರು ಘಟ್ಟದ ರಸ್ತೆಯ ಮೇಲೆ ಪಣ ಕಟ್ಟಲಾರರು. ಗಡಿಯಾರವನ್ನೇ ನಂಬಿ ಬದುಕುವ ಆ ಜನ ಒಪ್ಪದ ದಾರಿಯನ್ನು, ಅದೇ ಗಡಿಯಾರಕ್ಕೆ ಕಟ್ಟುಬಿದ್ದ ದಿನ ನಾವು ಹೇಗೆ ನಂಬುವುದು?

ತಪ್ಪಿದರೆ ಮುಂದಿನ ನಿಲ್ದಾಣದಲ್ಲಿ ಹಿಡಿದರಾಯಿತು ಎನ್ನುವುದು ಎರಡನೆಯ ಸಮಾಧಾನ. ಮಡಿಕೇರಿಯಲ್ಲಿ ತಪ್ಪಿದ ಬಸ್ಸನ್ನು ಆಟೊ ಮಾಡಿಕೊಂಡು ಸುಂಟಿಕೊಪ್ಪದಲ್ಲಿ ಹಿಡಿಯಬಹುದು, ಹಡಗನ್ನಲ್ಲ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೊರಟ ಹಡಗಿಗೆ ಮುಂದಿನ ನಿಲ್ದಾಣ ಒಂದು ದ್ವೀಪ. 1967ರ ನಿಯಮಗಳ ಪ್ರಕಾರ ಅಲ್ಲಿಗೆ ಕಾಲಿಡಲು ಪ್ರವೇಶ ಪರವಾನಗಿ ಬೇಕು, ಮತ್ತು ಪ್ರವಾಸಿಗೆ ಅದು ಸಿಕ್ಕಿರುವುದು ಆ ಪ್ರವಾಸದ ಲೆಕ್ಕದಲ್ಲಿ. ಇಡೀ ದ್ವೀಪಸಮೂಹದಲ್ಲಿ ವಿಮಾನ ನಿಲ್ದಾಣ ಇರುವುದು ಅಗತ್ತಿಯಲ್ಲಿ ಮಾತ್ರ. ಅಮೆರಿಕದಲ್ಲಿ ಕಾನೂನೇ ಅಡ್ಡ ನಿಲ್ಲುತ್ತದೆ. ವಿದೇಶಿ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿದವರನ್ನು ಇನ್ನೊಂದು ಅಮೆರಿಕನ್ ಬಂದರಿನಲ್ಲಿ ಇಳಿಸುವಂತಿಲ್ಲ ಎಂಬ 1886ರ ಕಾನೂನು ಇಂದಿಗೂ ಜಾರಿಯಲ್ಲಿದೆ; ದೂರದ ವಿದೇಶಿ ಬಂದರನ್ನು ಮುಟ್ಟಿ ಬರುವ ಪ್ರಯಾಣಕ್ಕೆ ಮಾತ್ರ ಅದರಲ್ಲಿ ರಿಯಾಯಿತಿ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾದಂಥ ದೇಶಗಳಲ್ಲಿ ನೋಂದಣಿಯಾದವು. ಸಿಯಾಟಲ್‌ನಲ್ಲಿ ಹಡಗು ತಪ್ಪಿಸಿಕೊಂಡವರು ವಿಮಾನ ಹಿಡಿದು ಅಲಾಸ್ಕಾದ ಕೆಚಿಕನ್‌ಗೆ ಹೋಗಿ ಅಲ್ಲಿ ಹತ್ತುತ್ತೇವೆಂದರೆ ಕಂಪನಿ ಒಪ್ಪದಿರುವುದು ಈ ಕಾರಣಕ್ಕೆ. ಹೊತ್ತಿಗೆ ಬಾರದ ಪ್ರಯಾಣಿಕನಿಗೆ ಹಣ ವಾಪಸು ಕೊಡುವ ಪದ್ಧತಿಯೂ ಸಾಮಾನ್ಯವಾಗಿ ಇಲ್ಲ.

ಖರ್ಚಿನ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ನಾಲ್ಕು ಜನರ ಸಂಸಾರಕ್ಕೆ ಕೊಚ್ಚಿಯಲ್ಲೋ ಮುಂಬೈಯಲ್ಲೋ ಇನ್ನೊಂದು ರಾತ್ರಿಯ ರೂಮು, ಎರಡು ಹೊತ್ತಿನ ಊಟ ಎಂದರೆ ಸಣ್ಣ ಮೊತ್ತವಲ್ಲ. ಎರಡು ಮೂರು ರಾತ್ರಿಯ ಕ್ರೂಸಿಗೆ ಇದು ಟಿಕೆಟ್ಟಿನ ಮೇಲೆ ಸಾಕಷ್ಟು ಭಾರ ಹೇರುತ್ತದೆ, ಒಪ್ಪೋಣ. ಆದರೆ ಆ ಹಣವನ್ನು ಪ್ರವಾಸದ ಖರ್ಚೆಂದು ಬಗೆಯದೆ ಇಡೀ ಟಿಕೆಟ್ಟಿಗೆ ಕಟ್ಟಿದ ವಿಮೆಯೆಂದು ನೋಡಿದರೆ ಚಿತ್ರ ಬದಲಾಗುತ್ತದೆ. ರೂಮಿನ ಬಾಡಿಗೆ ಹೋದರೆ ಒಂದು ರಾತ್ರಿಯದು ಹೋಯಿತು. ಹಡಗು ಹೋದರೆ ಎಲ್ಲವೂ ಹೋಯಿತು. ಖರ್ಚು ಇಳಿಸಲು ದಾರಿಯೂ ಇದೆ. ಮಂಗಳೂರಿನಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯನ್ನು ರೈಲಿನಲ್ಲೇ ಕಳೆದು ಬೆಳಗ್ಗೆ ಮುಂಬೈಯಲ್ಲಿ ಇಳಿಯುವವರಿಗೆ ರೂಮಿನ ಖರ್ಚಿಲ್ಲ, ಬಾಗಿಲು ಮುಚ್ಚುವ ಮೊದಲು ಕೈಯಲ್ಲಿ ಹಲವು ಗಂಟೆಗಳೂ ಉಳಿಯುತ್ತವೆ. ನನ್ನ ವಾದಕ್ಕೆ ಇದೊಂದು ವಿನಾಯಿತಿ ಎಂದು ಒಪ್ಪುತ್ತೇನೆ. ಕೊಂಕಣ ರೈಲು ಮಾರ್ಗದಲ್ಲಿ ಮಳೆಗಾಲದ ವೇಳಾಪಟ್ಟಿಯೇ ಬೇರೆ, ವೇಗವೂ ಕಡಿಮೆ; ಆ ತಿಂಗಳುಗಳಲ್ಲಿ ಈ ವಿನಾಯಿತಿ ನಡೆಯದು. ದಕ್ಷಿಣ ಕೊಡಗಿನವರು ಕೊಚ್ಚಿಗೆ ಹೋಗುವುದಾದರೆ ತಲಶ್ಶೇರಿ ಅಥವಾ ಕಣ್ಣೂರಿಗೆ ಇಳಿದು ರೈಲು ಹಿಡಿಯುವುದು ಸುಲಭ. 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣವಂತೂ ವಿರಾಜಪೇಟೆಗೆ ಹತ್ತಿರದ್ದು. ಬೆಳಗಿನ ವಿಮಾನ ಹಿಡಿದು ಅದೇ ಮಧ್ಯಾಹ್ನ ಹಡಗು ಹತ್ತಬಹುದಲ್ಲ ಎಂದು ಕೇಳುವವರಿಗೆ ಉತ್ತರ: ಹತ್ತಬಹುದು, ಮಾಕುಟ್ಟದ ದಾರಿ, ವಿಮಾನ, ಮಹಾನಗರದ ಟ್ರಾಫಿಕ್ ಮೂರೂ ಒಂದೇ ದಿನ ನಿಮ್ಮ ಮಾತು ಕೇಳಿದರೆ. ಅಮೆರಿಕಕ್ಕೆ ಹೋಗುವ ಹಿರಿಯರಿಗೆ ಒಂದು ದಿನವೂ ಸಾಲದು. ಹಡಗಿಗೆ ಎರಡು ಮೂರು ದಿನ ಮೊದಲೇ ಮಕ್ಕಳ ಮನೆ ಸೇರಿ ನಿದ್ದೆಯ ಹೊತ್ತು ಸರಿಹೋಗಿಸಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಹಿಂದಿನ ದಿನವೇ ಊರು ಸೇರಿದ್ದೇವೆ, ಬೆಳಗ್ಗೆ ಎಂಟಕ್ಕೇ ಟರ್ಮಿನಲ್‌ಗೆ ಹೋಗಿ ಕುಳಿತುಬಿಡೋಣ ಎನ್ನುವವರು ಇವರು. ಮದುವೆ ಮನೆಗೆ ಮುಹೂರ್ತಕ್ಕಿಂತ ಮೂರು ಗಂಟೆ ಮೊದಲು ಹೋಗುವ ನಮ್ಮ ಅಭ್ಯಾಸ ಇಲ್ಲಿ ಲಾಭ ತರುವುದಿಲ್ಲ. ಆ ಹೊತ್ತಿಗೆ ಹಡಗಿನಲ್ಲಿ ಹಿಂದಿನ ಪ್ರವಾಸದವರು ಇನ್ನೂ ಇಳಿಯುತ್ತಿರುತ್ತಾರೆ. ಅವರು ಇಳಿದು, ಅವರ ಲಗೇಜು ಹೊರಗೆ ಬಂದು, ನೂರಾರು ಕ್ಯಾಬಿನ್ನುಗಳ ಹಾಸಿಗೆ ಬದಲಾಗಿ, ಮುಂದಿನ ಪ್ರವಾಸಕ್ಕೆ ಬೇಕಾದ ಅಕ್ಕಿ, ತರಕಾರಿ, ಮಾಂಸ, ಹಾಲು ಒಳಗೆ ಏರುವುದೆಲ್ಲ ಕೆಲವೇ ಗಂಟೆಗಳಲ್ಲಿ ಮುಗಿಯಬೇಕು. ಹೊಸಬರನ್ನು ಬಿಡುವುದು ಸಾಮಾನ್ಯವಾಗಿ 11 ಗಂಟೆಯ ಮೇಲೆ. ಅದಕ್ಕೆಂದೇ ಈಗ ಬಹುಪಾಲು ಕಂಪನಿಗಳು ಆನ್‌ಲೈನ್ ಚೆಕ್-ಇನ್ ಮಾಡುವಾಗಲೇ ಒಬ್ಬೊಬ್ಬರಿಗೆ ಇಂತಿಷ್ಟು ಹೊತ್ತು ಎಂದು ಗೊತ್ತುಮಾಡುತ್ತವೆ. ಮೊದಲೇ ಹೋದವರು ಹೊರಗೆ ಪೆಟ್ಟಿಗೆಗಳ ಜತೆ ಬಿಸಿಲಲ್ಲಿ ನಿಲ್ಲುತ್ತಾರೆ, ಅಷ್ಟೇ. ಆಯ್ಕೆ ಇದ್ದರೆ 12ರಿಂದ 1 ಗಂಟೆಯ ನಡುವಿನ ಹೊತ್ತನ್ನು ಆರಿಸಿಕೊಳ್ಳುವುದು ಮೇಲು. ಮೊದಲ ನೂಕುನುಗ್ಗಲು ಕರಗಿರುತ್ತದೆ, ಕ್ಯಾಬಿನ್ ಸಿದ್ಧವಾಗುವ ಹೊತ್ತೂ ಹತ್ತಿರವಿರುತ್ತದೆ, ಬಾಗಿಲು ಮುಚ್ಚಲು ಇನ್ನೂ ಸಾಕಷ್ಟು ಅವಕಾಶ ಇರುತ್ತದೆ. ವಯಸ್ಸಾದವರು, ಗಾಲಿಕುರ್ಚಿ ಬೇಕಾದವರು ಮಾತ್ರ ಸ್ವಲ್ಪ ಮೊದಲೇ ಹೋಗುವುದು ಸರಿ.

ಇನ್ನು ಊಟ. ಹಿಂದಿನ ರಾತ್ರಿಯ ಊಟವೇ ಆ ಊರಿನ ರುಚಿ ನೋಡುವ ಹೊತ್ತು ಎಂದೆನಲ್ಲ, ಅದಕ್ಕೆ ಮುಂಬೈ ಒಳ್ಳೆಯ ಉದಾಹರಣೆ. ಅಲ್ಲಿ ಕ್ರೂಸ್ ಹಡಗು ಹತ್ತುವ ಜಾಗ ಬಲ್ಲಾರ್ಡ್ ಪಿಯರ್, ಇಂದಿರಾ ಡಾಕ್ ಸುತ್ತಲಿನದು. ಹೊಸ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಪಕ್ಕದ ಬಲ್ಲಾರ್ಡ್ ಎಸ್ಟೇಟ್‌ನಲ್ಲಿ 1923ರಿಂದ ನಡೆದುಬಂದ ಬ್ರಿಟಾನಿಯಾ ಎಂಬ ಇರಾನಿ ಹೋಟೆಲಿದೆ, ಬೆರ್ರಿ ಪುಲಾವಿಗೆ ಹೆಸರಾದದ್ದು. ಅದು ಮಧ್ಯಾಹ್ನದ ಊಟಕ್ಕಷ್ಟೇ ಹೆಸರುವಾಸಿ. ಅಂದರೆ ನೀವು ಹಡಗು ಹತ್ತಬೇಕಾದ ಹೊತ್ತಿಗೇ ಅಲ್ಲಿ ಸಾಲು ಹೆಚ್ಚಿರುತ್ತದೆ. ನಾಲ್ಕು ಪೆಟ್ಟಿಗೆ ಕಾಲ ಬುಡದಲ್ಲಿಟ್ಟುಕೊಂಡು, ಗಡಿಯಾರ ನೋಡುತ್ತ ತಿನ್ನುವ ಪುಲಾವಿನಲ್ಲಿ ಸುಖವಿಲ್ಲ; ಅದನ್ನು ಮರಳಿ ಇಳಿದ ದಿನಕ್ಕೆ ಇಟ್ಟುಕೊಳ್ಳಿ. ಹಿಂದಿನ ರಾತ್ರಿ ಮೀನು ಬೇಕಾದರೆ ಕೋಟೆ ಪ್ರದೇಶದಲ್ಲೇ ಕರಾವಳಿ ಮೂಲದ ಮಹೇಶ್ ಲಂಚ್ ಹೋಮ್ ಇದೆ. ಮಾಟುಂಗಾದ ಕಡೆ ಉಳಿದುಕೊಂಡವರಿಗೆ ಬೆಳಗಿನ ಇಡ್ಲಿ, ಕಾಫಿಗೆ ಉಡುಪಿ ಹೋಟೆಲುಗಳ ಕೊರತೆಯೇ ಇಲ್ಲ. ಕನ್ನಡದಲ್ಲೇ ಕೇಳಿ ತಿನ್ನಬಹುದು. ಕೊಚ್ಚಿಯಲ್ಲಿ ಲೆಕ್ಕ ಬೇರೆ. 2021ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ‘ಸಾಗರಿಕಾ’ ಟರ್ಮಿನಲ್ ಇರುವ ವಿಲ್ಲಿಂಗ್ಡನ್ ದ್ವೀಪ ಬಂದರು, ನೌಕಾಪಡೆ, ಕಚೇರಿಗಳ ಜಾಗ. ಅಲ್ಲಿಗೆ ಹೋಗಿ ತಿಂಡಿ ಹುಡುಕುತ್ತೇವೆ ಎಂದರೆ ಅಲೆದಾಡಬೇಕಾಗುತ್ತದೆ. ಎರ್ನಾಕುಳಂನಲ್ಲೋ ಮಟ್ಟಾಂಚೇರಿಯಲ್ಲೋ ತಿಂದುಕೊಂಡೇ ದ್ವೀಪಕ್ಕೆ ಹೋಗಬೇಕು. ಮಟ್ಟಾಂಚೇರಿಯ ಕಾಯೀಸ್ ಬಿರಿಯಾನಿ ಪ್ರಸಿದ್ಧ, ಆದರೆ ಹಡಗು ಹತ್ತುವ ದಿನದ್ದಲ್ಲ. ಪುಟ್ಟು-ಕಡಲೆ, ಅಪ್ಪಂ ನಮ್ಮ ಹೊಟ್ಟೆಗೆ ಹೊಸದೇನೂ ಅಲ್ಲ. ಆ ಬೆಳಗಿಗೆ ಅಷ್ಟು ಸಾಕು.

ಏಕೆ ಇಷ್ಟು ಸಪ್ಪೆ ಸಲಹೆ ಎಂದರೆ, ಹಡಗು ಹತ್ತುವ ಮೊದಲು ಆರೋಗ್ಯದ ಪ್ರಶ್ನೆಪತ್ರ ತುಂಬಿಸಿಕೊಳ್ಳುವ ಪದ್ಧತಿ ಬಹಳ ಕಡೆ ಇದೆ. ಈಚೆಗೆ ವಾಂತಿ ಆಗಿದೆಯೇ, ಭೇದಿ ಆಗಿದೆಯೇ ಎಂಬುದು ಅದರಲ್ಲಿರುವ ಪ್ರಶ್ನೆ. ಸಾವಿರಾರು ಜನ ಒಂದೇ ಬಫೆಯಿಂದ ತಿನ್ನುವ ಹಡಗಿನಲ್ಲಿ ನೊರೋವೈರಸ್ ಹೊಕ್ಕರೆ ಕೆಲವೇ ದಿನಗಳಲ್ಲಿ ಹಬ್ಬಿಬಿಡುತ್ತದೆ ಎಂಬ ಭಯ ಅವರದು. ಹೌದು ಎಂದವರನ್ನು ವೈದ್ಯರು ನೋಡುತ್ತಾರೆ. ಕ್ಯಾಬಿನ್ನಿನಲ್ಲೇ ಇರಿಸಬಹುದು, ಹತ್ತಿಸದೆಯೂ ಇರಬಹುದು. ಸಂಪಾಜೆಯ ತಿರುವುಗಳಲ್ಲಿ ಹೊಟ್ಟೆ ತೊಳಸಿ ವಾಂತಿಯಾದವರು ಆ ಪತ್ರದಲ್ಲಿ ಏನು ಬರೆಯಬೇಕು? ಘಟ್ಟದ್ದು ಎಂದು ವಿವರಿಸಬಹುದು, ಕೇಳುವವರು ನಂಬಬೇಕಲ್ಲ. ಸುಳ್ಳು ಬರೆಯುವುದಂತೂ ಬೇರೆಯವರಿಗೆ ಮಾಡುವ ಅನ್ಯಾಯ. ಘಟ್ಟ ಇಳಿಯುವುದು ಹಿಂದಿನ ದಿನವೇ ಮುಗಿದಿದ್ದರೆ ಹೊಟ್ಟೆ ಒಂದು ರಾತ್ರಿ ಸುಧಾರಿಸಿಕೊಳ್ಳುತ್ತದೆ. ಹೊರಡುವ ಬೆಳಗ್ಗೆ ಮನೆಯಲ್ಲಿ ಬಂಧುಬಳಗ ಸೇರಿ ಪಂದಿಕರಿ, ಕಡಂಬಿಟ್ಟು ಬಡಿಸಿ ಕಳಿಸುವ ಪ್ರೀತಿ ದೊಡ್ಡದೇ. ಅದನ್ನು ಎರಡು ದಿನ ಹಿಂದಕ್ಕೆ ಹಾಕಿಕೊಂಡರೆ ಪ್ರೀತಿಗೇನೂ ಕಡಿಮೆಯಾಗದು. ಕಡಲಿನ ತೂಗಾಟ ಆಗದವರು ಮಾತ್ರೆಯನ್ನು ಹಡಗು ಹೊರಡುವ ಮೊದಲೇ, ವೈದ್ಯರನ್ನು ಕೇಳಿಕೊಂಡು ತೆಗೆದುಕೊಳ್ಳಬೇಕು; ತಲೆ ತಿರುಗಲು ಶುರುವಾದ ಮೇಲೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ.

ಬುತ್ತಿಯ ಬಗ್ಗೆಯೂ ಒಂದು ಮಾತು. ಮನೆಯಲ್ಲಿ ಬೇಯಿಸಿದ ಅಡುಗೆಯನ್ನು ಹಡಗಿನೊಳಗೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಅಕ್ಕಿರೊಟ್ಟಿ, ನೂಪುಟ್ಟು ಕಟ್ಟಿಕೊಂಡು ಹೊರಟರೆ ದಾರಿಯಲ್ಲೇ, ಹಿಂದಿನ ದಿನವೇ ಮುಗಿಸಬೇಕು. ಕೊಡಗಿನ ಮನೆ ವೈನಿನ ಬಾಟಲಿಗಳಿಗೂ ಅಲ್ಲಿ ಜಾಗವಿಲ್ಲ. ಇನ್ನೊಂದು ಎಚ್ಚರಿಕೆ ಕೊಡಗಿಗೇ ವಿಶೇಷವಾದದ್ದು: ಕೈಪೋಳ್ದ್‌ಗೋ ಪುತ್ತರಿಗೋ ಗುಂಡು ಹಾರಿಸುವಾಗ ಹಾಕಿದ್ದ ಜಾಕೆಟ್ಟಿನ ಜೇಬಿನಲ್ಲಿ ತೋಟಾ ಉಳಿದಿದೆಯೇ ನೋಡಿಕೊಳ್ಳಿ. ಬಂದೂಕಿನ ವಿಷಯದಲ್ಲಿ ನಮಗಿರುವ ವಿನಾಯಿತಿಯ ಮಾತು ಸ್ಕ್ಯಾನರ್ ಮುಂದೆ ನಡೆಯುವುದಿಲ್ಲ.

ಹಡಗಿನೊಳಗಿನ ಮೊದಲ ಊಟದ ಬಗ್ಗೆ ಇರುವ ಆಕ್ಷೇಪ ನಮ್ಮವರ ಬಾಯಲ್ಲಿ ತುಂಬ ಸಹಜ. ದುಡ್ಡು ಕೊಟ್ಟಾಗಿದೆ, ಮಧ್ಯಾಹ್ನದ ಊಟ ಬಿಡುವುದೇಕೆ? ಬಿಡಿ ಎನ್ನುತ್ತಿಲ್ಲ, ಯಾವಾಗ, ಎಲ್ಲಿ ಎಂಬುದನ್ನು ಮಾತ್ರ ಹೇಳುತ್ತಿದ್ದೇನೆ. ಒಳಗೆ ಹೋದ ಕೂಡಲೇ ಎಲ್ಲರೂ ಮೇಲಿನ ಅಂತಸ್ತಿನ ಬಫೆಗೆ ನಡೆಯುತ್ತಾರೆ. ಕ್ಯಾಬಿನ್ ಇನ್ನೂ ತೆರೆದಿರುವುದಿಲ್ಲವಾದ್ದರಿಂದ ಒಬ್ಬೊಬ್ಬರ ಹೆಗಲಲ್ಲೂ ಒಂದೊಂದು ಚೀಲ. 12ರಿಂದ 1.30ರವರೆಗೆ ತಟ್ಟೆ ಹಿಡಿದು ಮೇಜು ಹುಡುಕುವುದೇ ಒಂದು ಕೆಲಸ. ಅದೇ ಹೊತ್ತಿಗೆ ಕೆಳಗಿನ ದೊಡ್ಡ ಊಟದ ಹಾಲ್ ಅನ್ನು ಹತ್ತುವ ದಿನದ ಊಟಕ್ಕೆ ತೆರೆದಿಡುವ ಹಡಗುಗಳು ಹಲವಿವೆ. ಅಲ್ಲಿ ಕುಳಿತವರಿಗೆ ತಂದು ಬಡಿಸುತ್ತಾರೆ, ಗದ್ದಲ ಕಡಿಮೆ, ಬೇರೆ ದುಡ್ಡಿಲ್ಲ. ಹತ್ತಿದ ಕೂಡಲೇ ಸಿಬ್ಬಂದಿಯನ್ನು ಕೇಳಿದರೆ ಯಾವುದು ತೆರೆದಿದೆ ಎಂದು ತಿಳಿಯುತ್ತದೆ. ಹೆಚ್ಚಿನವರು ಕೇಳುವುದೇ ಇಲ್ಲ. ಬಫೆಯೇ ಗತಿಯಾದರೆ 2 ಗಂಟೆಯ ಮೇಲೆ ಹೋಗಿ. ಬೆಳಗ್ಗೆ 9ಕ್ಕೆ ಹೊಟ್ಟೆ ತುಂಬ ತಿಂಡಿ ತಿಂದವರಿಗೆ ಅಷ್ಟು ಕಾಯುವುದು ಕಷ್ಟವಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಈ ಮಾತು ಅನ್ವಯಿಸದು. ಅವರು ಬಿಸ್ಕತ್ತು, ಮಾತ್ರೆ, ಇನ್ಸುಲಿನ್ ಎಲ್ಲವನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಬಾಗಿಲಲ್ಲಿ ಕೂಲಿಯವರಿಗೆ ಕೊಟ್ಟ ದೊಡ್ಡ ಪೆಟ್ಟಿಗೆ ಕ್ಯಾಬಿನ್ ಮುಂದೆ ಬಂದು ಬೀಳುವುದು ಸಂಜೆಗೆ. ಸಸ್ಯಾಹಾರಿಗಳಿಗೆ, ಜೈನ ಊಟ ಬೇಕಾದವರಿಗೆ ಭಾರತದಿಂದ ಹೊರಡುವ ಹಡಗುಗಳಲ್ಲಿ ತೊಂದರೆಯಿಲ್ಲ. ವಿದೇಶದ ಹಡಗುಗಳಲ್ಲಿ ಟಿಕೆಟ್ ಮಾಡುವಾಗಲೇ ತಿಳಿಸಿ, ಹತ್ತಿದ ದಿನವೇ ಊಟದ ಹಾಲ್‌ನ ಮೇಲ್ವಿಚಾರಕರಿಗೆ ಮತ್ತೆ ನೆನಪಿಸಬೇಕು.

ಊಟದ ಹೊತ್ತನ್ನು ನಿರ್ಧರಿಸುವ ಇನ್ನೊಂದು ಸಂಗತಿ ಸುರಕ್ಷತಾ ತಾಲೀಮು. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಬಂಡೆಗೆ ಬಡಿದು ಮಗುಚಿದ ಕೋಸ್ಟಾ ಕಾನ್ಕಾರ್ಡಿಯಾದಲ್ಲಿ 32 ಜನ ಸತ್ತರು. ಆ ಸಂಜೆಯಷ್ಟೇ ಹತ್ತಿದ ನೂರಾರು ಪ್ರಯಾಣಿಕರಿಗೆ ಆಗಿನ್ನೂ ತಾಲೀಮು ಆಗಿರಲಿಲ್ಲ; 24 ಗಂಟೆಯೊಳಗೆ ಮಾಡಿದರೆ ಸಾಕು ಎಂಬುದು ಆಗಿನ ನಿಯಮ. 2015ರ ಜನವರಿಯಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದನ್ನು ಮುಗಿಸಬೇಕೆಂದು ಅಂತರರಾಷ್ಟ್ರೀಯ ನಿಯಮ ಬದಲಾಯಿತು. ಹೀಗಾಗಿ ಕೊನೆಯ ಗಳಿಗೆಯಲ್ಲಿ ಓಡಿ ಬಂದವರಿಗೆ ಊಟವೂ ಇಲ್ಲ, ತಾಲೀಮಿನ ಕರೆ ಮಾತ್ರ ಇರುತ್ತದೆ. ಮಧ್ಯಾಹ್ನ ಹತ್ತಿ, ಎರಡರ ಸುಮಾರಿಗೆ ಉಂಡು, ತಾಲೀಮು ಮುಗಿಸಿದವರು ಹಡಗು ಹೊರಡುವಾಗ ನಿಶ್ಚಿಂತೆಯಿಂದ ಮೇಲಿನ ಕಟಾಂಜನದ ಬಳಿ ನಿಲ್ಲಬಹುದು.

ಮಂಗಳೂರಿನಿಂದಲೇ ಹಡಗು ಹತ್ತುವಂತಾದರೆ ಈ ತಾಪತ್ರಯವೆಲ್ಲ ತಪ್ಪುತ್ತದಲ್ಲ ಎಂಬ ಆಸೆ ಜಿಲ್ಲೆಯಲ್ಲಿದೆ. ಆಸೆಗೆ ಇತಿಹಾಸದ ಬಲವೂ ಇದೆ: ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಅಮಿನಿದಿವಿ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. 2024ರ ಮೇ ತಿಂಗಳಲ್ಲಿ ಲಕ್ಷದ್ವೀಪದಿಂದ ಮಂಗಳೂರಿನ ಹಳೆ ಬಂದರಿಗೆ ‘ಪರಳಿ’ ಎಂಬ ವೇಗದ ಹಡಗು ಪ್ರಯೋಗಾರ್ಥವಾಗಿ ಪ್ರಯಾಣಿಕರನ್ನು ಹೊತ್ತು ಬಂದಿತ್ತು. ಅದು ನಿತ್ಯದ ಮಾತಾದರೆ ಕೊಚ್ಚಿಯ ದಾರಿ ಉಳಿಯುತ್ತದೆ, ಖರ್ಚೂ ಇಳಿಯುತ್ತದೆ. ಸಂಪಾಜೆ ಘಟ್ಟ ಮಾತ್ರ ಅಲ್ಲೇ ಇರುತ್ತದೆ. ಆಗಲೂ ಹಿಂದಿನ ದಿನವೇ ಮಂಗಳೂರು ಸೇರಿ, ಅಲ್ಲಿ ಮೀನೂಟ ಮುಗಿಸಿ ಮಲಗುವುದೇ ಸರಿ.

ಮಡಿಕೇರಿ, ಕುಶಾಲನಗರ, ವಿರಾಜಪೇಟೆಯಲ್ಲಿ ಕ್ರೂಸ್ ಟಿಕೆಟ್ ಮಾಡಿಕೊಡುವ ಏಜೆಂಟರಲ್ಲಿ ಒಂದು ಕೇಳಿಕೆ: ಗ್ರಾಹಕರಿಗೆ ಹಡಗು ಹೊರಡುವ ಸಮಯವನ್ನು ಹೇಳಿ ಕಳಿಸಬೇಡಿ, ಬಾಗಿಲು ಮುಚ್ಚುವ ಸಮಯವನ್ನು ಕೆಂಪು ಶಾಯಿಯಲ್ಲಿ ಬರೆದುಕೊಡಿ, ಅದರ ಕೆಳಗೆ ಹಿಂದಿನ ರಾತ್ರಿಗೆ ರೂಮು ಗೊತ್ತುಮಾಡಿದ್ದೀರಾ ಎಂದು ಕೇಳಿ.